ಹೆಣ್ಣಾಳಿನ ಅಳತೆ

(ಮಹೋತ್ಸವದ ಸಭೆಯಲ್ಲಿ ಓದಿದ ಉಪನ್ಯಾಸ)



ಗದ್ದೆಯ ಕೆಲಸಕ್ಕೆ ಬಂದ ಆಳಿಗೆ ಸಾಯಂಕಾಲ ಅಂಗಳದಲ್ಲಿ ಅಕ್ಕಿ ಅಳೆದು ಕೊಡುತ್ತಿದ್ದ ಕಾಲವು ಕರಾವಳಿಯಲ್ಲಿ ಬಹಳ ಹಿಂದಿನದೇನೂ ಅಲ್ಲ. ಗಂಡಾಳಿಗೆ ಒಂದು ಅಳತೆ, ಹೆಣ್ಣಾಳಿಗೆ ಅದಕ್ಕಿಂತ ಕಿರಿದಾದ ಇನ್ನೊಂದು ಅಳತೆ. ಅಗೆ ಕಿತ್ತು, ಸೂಡಿ ಕಟ್ಟಿ, ಮೊಣಕಾಲು ಮುಳುಗುವ ಕೆಸರಿನೊಳಗೆ ಬೆಳಗಿನಿಂದ ಬೈಗಿನವರೆಗೆ ಬೆನ್ನು ಬಾಗಿಸಿ ನಟ್ಟಿ ಮಾಡತಕ್ಕವಳು ಹೆಂಗಸು; ಕೋಣಗಳ ಹಿಂದೆ ನೇಗಿಲು ಹಿಡಿದು ನಡೆಯತಕ್ಕವನು ಗಂಡಸು. ನೇಗಿಲಿನ ಕೆಲಸವೇ ಕಷ್ಟದ್ದು, ನಟ್ಟಿಯ ಕೆಲಸವು ಹಗುರವಾದದ್ದು ಎಂದು ತೀರ್ಮಾನಿಸಿದವರು ಯಾರು, ಯಾವ ತಕ್ಕಡಿಯಲ್ಲಿ ತೂಗಿ ತೀರ್ಮಾನಿಸಿದರು ಎಂಬುದನ್ನು ಯಾರೂ ಕೇಳಲಿಲ್ಲ. ಅಕ್ಕಿಯ ಬದಲಿಗೆ ನಾಣ್ಯ ಬಂದಿತು. ನಾಣ್ಯದ ಬದಲಿಗೆ ಬ್ಯಾಂಕಿನ ಖಾತೆ ಬಂದಿತು. ಆ ಎರಡು ಅಳತೆಗಳು ಮಾತ್ರ ಅಂಗಳವನ್ನು ಬಿಟ್ಟು ಕಾರ್ಖಾನೆಯ ಹಾಜರಿಪುಸ್ತಕವನ್ನು ಸೇರಿದುವು. ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ಈ ಮೂರು ಸೀಮೆಗಳಲ್ಲಿ ಆ ಅಳತೆಯು ಯಾವ ಯಾವ ವೇಷದಲ್ಲಿ ಉಳಿದುಕೊಂಡಿತು, ಅದನ್ನು ಸರಿಪಡಿಸಲು ಹೊರಟ ಕಾಯಿದೆಗಳು ಎಲ್ಲಿ ಗೆದ್ದುವು, ಎಲ್ಲಿ ಸೋತುವು ಎಂಬುದೇ ಈ ಉಪನ್ಯಾಸದ ವಿಷಯವು. ಹೆಂಗಸೆಂಬ ಕಾರಣಕ್ಕೆ ಒಂದು ಕಡಿತ. ಹುಟ್ಟಿದ ಜಾತಿಯ, ಜನಾಂಗದ ಕಾರಣಕ್ಕೆ ಇನ್ನೊಂದು ಕಡಿತ. ಎರಡೂ ಒಬ್ಬಳ ಮೇಲೆಯೇ ಬಿದ್ದಾಗ ಕಾಯಿದೆಯು ಅವಳನ್ನು ಯಾವ ಪಂಕ್ತಿಯಲ್ಲಿ ಕುಳ್ಳಿರಿಸುತ್ತದೆ?

ಈ ಸೀಮೆಯ ಒಂದು ವೈಚಿತ್ರ್ಯವನ್ನು ಮೊದಲೇ ಹೇಳಬೇಕು. ಬಂಟರು, ಬಿಲ್ಲವರು, ಮೊಗವೀರರು ಮೊದಲಾದ ಸಮುದಾಯಗಳಲ್ಲಿ ಅಳಿಯಸಂತಾನದ ಕಟ್ಟು ನಡೆದುಬಂದಿತ್ತು. ವಂಶವು ತಾಯಿಯ ಕಡೆಯಿಂದ ಎಣಿಕೆಯಾಗುತ್ತಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯೂ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಆ ಕಟ್ಟನ್ನು ಸಡಿಲಿಸಿದುವು. ಹೊರಗಿನಿಂದ ನೋಡುವವರು ಇಂತಹ ನಾಡಿನಲ್ಲಿ ಸ್ತ್ರೀಗೆ ಕೊರತೆಯೇನಿದ್ದೀತು ಎಂದುಕೊಳ್ಳುವುದು ಸಹಜವೇ. ಆದರೆ ವಂಶಾವಳಿಯಲ್ಲಿ ಹೆಸರಿರುವುದು ಬೇರೆ, ಕೂಲಿಯ ಲೆಕ್ಕದಲ್ಲಿ ಹೆಸರಿರುವುದು ಬೇರೆ. ಕೆಳದಿಯ ಅರಸರ ಆಳ್ವಿಕೆಯು ಈ ಕರಾವಳಿಯ ಮೇಲೆಯೂ ಇದ್ದಿತು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ರಾಣಿ ಚೆನ್ನಮ್ಮಾಜಿಯು ಕೆಳದಿಯ ಸಿಂಹಾಸನದಲ್ಲಿ ಕುಳಿತು ಸಮರ್ಥಳಾಗಿ ರಾಜ್ಯವಾಳಿದಳು. ಸಿಂಹಾಸನದ ಮೇಲೆ ಸ್ತ್ರೀಯಿದ್ದ ಮಾತ್ರದಿಂದ ಬಸರೂರಿನ ಗದ್ದೆಯ ಹೆಣ್ಣಾಳಿನ ಅಳತೆ ದೊಡ್ಡದಾಗುವುದಿಲ್ಲ.

ಗದ್ದೆಯಿಂದ ಮೊದಲು ಹೆಂಗಸರನ್ನು ಕರೆದೊಯ್ದದ್ದು ಹಂಚಿನ ಕಾರ್ಖಾನೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ತೆರೆದ ಹಂಚಿನ ಉದ್ಯಮವು ಉತ್ತರಕ್ಕೆ ಹಬ್ಬಿ ಕುಂದಾಪುರ, ಗಂಗೊಳ್ಳಿಗಳ ಹೊಳೆದಂಡೆಗಳನ್ನು ಮುಟ್ಟಿತು. ಮಣ್ಣು ಹೊರುವುದು, ಹಸಿ ಹಂಚನ್ನು ಒಣಗಲು ಜೋಡಿಸುವುದು, ಸುಟ್ಟ ಹಂಚನ್ನು ತಲೆಯ ಮೇಲೆ ಹೊತ್ತು ಸಾಗಿಸುವುದು ಹೆಂಗಸರ ಪಾಲಿಗೆ. ಯಂತ್ರದ ಒತ್ತು, ಆವಿಗೆಯ ಬೆಂಕಿ ಗಂಡಸರ ಪಾಲಿಗೆ. ಇಲ್ಲಿಯೂ ಎರಡು ಅಳತೆ. ಗದ್ದೆಯ ಅಳತೆಯನ್ನು ಪದ್ಧತಿಯೆಂದು ಕರೆಯುತ್ತಿದ್ದರು. ಕಾರ್ಖಾನೆಯಲ್ಲಿ ಅದಕ್ಕೆ ದರ್ಜೆಯೆಂಬ ಹೊಸ ಹೆಸರು ಬಂದಿತು. ಹೆಂಗಸರ ಕೆಲಸವು ಕೌಶಲವಿಲ್ಲದ ದರ್ಜೆ.

ಕಾಯಿದೆಯ ಕಡೆಗೆ ನೋಡಿದರೆ ಭಾರತದ ಸಂವಿಧಾನವು ಈ ವಿಷಯದಲ್ಲಿ ಮೌನವಾಗಿಲ್ಲ. ಸಮಾನ ಕೆಲಸಕ್ಕೆ ಸ್ತ್ರೀಪುರುಷರಿಬ್ಬರಿಗೂ ಸಮಾನ ವೇತನವಿರಬೇಕೆಂದು ಅದರ 39ನೆಯ ಅನುಚ್ಛೇದವು ಸರಕಾರಕ್ಕೆ ನಿರ್ದೇಶವಿತ್ತಿದೆ. 15 ಮತ್ತು 16ನೆಯ ಅನುಚ್ಛೇದಗಳು ಜಾತಿ, ಜನಾಂಗ, ಲಿಂಗಗಳ ನೆಪದಿಂದ ಸರಕಾರವು ಭೇದವೆಣಿಸಬಾರದೆನ್ನುತ್ತವೆ. 17ನೆಯದು ಅಸ್ಪೃಶ್ಯತೆಯನ್ನು ರದ್ದುಮಾಡಿದೆ. 23ನೆಯದು ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1951ರಲ್ಲಿ ಅಂಗೀಕರಿಸಿದ 100ನೆಯ ಒಡಂಬಡಿಕೆಗೆ ಭಾರತವು 1958ರಲ್ಲಿಯೇ ಸಮ್ಮತಿಯಿತ್ತಿತು. ಆ ಒಡಂಬಡಿಕೆಯ ಮಾತು ಸೂಕ್ಷ್ಮವಾದದ್ದು: ಒಂದೇ ಕೆಲಸಕ್ಕೆ ಎಂದು ಅದು ಹೇಳಲಿಲ್ಲ, ಸಮಾನ ಮೌಲ್ಯದ ಕೆಲಸಕ್ಕೆ ಎಂದು ಹೇಳಿತು. ಅಂತರರಾಷ್ಟ್ರೀಯ ಮಹಿಳಾ ವರ್ಷವಾದ 1975ರ ಸೆಪ್ಟೆಂಬರಿನಲ್ಲಿ ಭಾರತ ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿ, 1976ರಲ್ಲಿ ಅದನ್ನು ಸಮಾನ ವೇತನ ಕಾಯಿದೆಯನ್ನಾಗಿ ಮಾಡಿದಾಗ ಆ ಮೌಲ್ಯವೆಂಬ ಶಬ್ದವು ಬಿಟ್ಟುಹೋಯಿತು. ಅದೇ ಕೆಲಸ ಅಥವಾ ಅದರಂತಹ ಕೆಲಸ ಎಂಬುದಷ್ಟೇ ಉಳಿಯಿತು. ಆ ಕಾಯಿದೆಯ ಸ್ಥಾನದಲ್ಲಿ ಬಂದು 2025ರ ನವೆಂಬರ್ 21ರಿಂದ ಜಾರಿಗೊಂಡ ವೇತನ ಸಂಹಿತೆಯೂ ಆ ಶಬ್ದವನ್ನು ಮರಳಿ ತರಲಿಲ್ಲ.

ಒಂದು ಶಬ್ದ ಬಿಟ್ಟರೆ ಏನಾಗುತ್ತದೆಂದು ಕೆಲವರು ಕೇಳಿಯಾರು. ಮುಂಬಯಿಯ ಆಡ್ರೆ ಡಿಕೋಸ್ಟಾ ಎಂಬ ಶೀಘ್ರಲಿಪಿಗಾರ್ತಿಯ ವ್ಯಾಜ್ಯವನ್ನು ನೋಡಬೇಕು. ಹಡಗಿನ ವ್ಯಾಪಾರದ ಮ್ಯಾಕಿನನ್ ಮೆಕೆಂಜಿ ಕಂಪೆನಿಯಲ್ಲಿ ಶೀಘ್ರಲಿಪಿಯ ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಸಂಬಳವಿತ್ತು. ಹಿರಿಯ ಅಧಿಕಾರಿಗಳ ಗೋಪ್ಯ ಶೀಘ್ರಲಿಪಿಗಾರರಾಗಿ ಗಂಡಸರಾರೂ ಇಲ್ಲ, ಆದುದರಿಂದ ಹೋಲಿಕೆಯೇ ಇಲ್ಲವೆಂದು ಕಂಪೆನಿಯು ವಾದಿಸಿತು. 1987ರಲ್ಲಿ ಸುಪ್ರೀಮ್ ಕೋರ್ಟು ಆ ವಾದವನ್ನು ತಳ್ಳಿಹಾಕಿ, ಕೆಲಸದ ಸ್ವರೂಪವನ್ನು ವಿಶಾಲದೃಷ್ಟಿಯಿಂದ ನೋಡಬೇಕೆಂದಿತು. ಆಕೆ ಗೆದ್ದಳು, ಸರಿಯೇ. ಆದರೆ ಗೆದ್ದದ್ದು ಹೇಗೆ? ಅದೇ ಕಂಪೆನಿಯಲ್ಲಿ ಬೇರೆ ಕೋಣೆಯೊಳಗೆ ಅದೇ ಕೆಲಸವನ್ನು ಮಾಡುವ ಗಂಡಸರಿದ್ದುದರಿಂದ. ಕಾಯಿದೆಯು ಹೆಂಗಸನ್ನು ಕೇಳುವ ಮೊದಲ ಪ್ರಶ್ನೆಯೇ ಇದು: ನಿನ್ನನ್ನು ಯಾರೊಡನೆ ಹೋಲಿಸಬೇಕು?

ಈಗ ಗೇರುಬೀಜದ ಕಾರ್ಖಾನೆಯ ಒಳಗೆ ಹೋಗಿ ಈ ಪ್ರಶ್ನೆಯನ್ನು ಕೇಳೋಣ. ಕುಂದಾಪುರ, ಬೈಂದೂರು ಸೀಮೆಗಳಲ್ಲಿ ಇಂತಹ ಕಾರ್ಖಾನೆಗಳು ಅನೇಕ. ಹಸಿ ಬೀಜವನ್ನು ಹಬೆಯಲ್ಲಿ ಬೇಯಿಸುವುದು, ಇಲ್ಲವೆ ಹುರಿಯುವುದು ಮೊದಲ ಹಂತ, ಅಲ್ಲಿ ಗಂಡಸರಿರುತ್ತಾರೆ. ಆ ಬಳಿಕ ಬೀಜ ಒಡೆಯುವುದು, ಒಣಗಿಸಿದ ತಿರುಳಿನ ಸಿಪ್ಪೆ ಸುಲಿಯುವುದು, ದರ್ಜೆ ವಿಂಗಡಿಸುವುದು. ಅಲ್ಲಿ ಕಾಲುಚಾಚಿಯೋ ಮಣೆಯ ಮೇಲೆಯೋ ಕುಳಿತ ಹೆಂಗಸರ ಸಾಲು. ಈಚೆಗೆ ಸ್ವಯಂಚಾಲಿತ ಯಂತ್ರಗಳು ಬಂದು ಕೆಲವು ಹಂತಗಳನ್ನು ಕಿತ್ತುಕೊಂಡಿವೆಯಾದರೂ ಬೆರಳಿನ ಕೆಲಸವು ಪೂರ್ತಿಯಾಗಿ ನಿಂತಿಲ್ಲ. ಗೇರಿನ ಸಿಪ್ಪೆಯೊಳಗಿನ ಸೊನೆಯು ಚರ್ಮವನ್ನು ಸುಡುತ್ತದೆ. ದೋಣಿಗೆ ಬಳಿಯುತ್ತಿದ್ದ, ಈಗ ಬಣ್ಣಗಳ ತಯಾರಿಕೆಗೂ ಹೋಗುವ ಎಣ್ಣೆಯೇ ಅದು. ಬೀಜ ಒಡೆಯುವವಳ ಬೆರಳ ತುದಿಗಳು ಕಪ್ಪಾಗಿ ಸುಲಿದುಹೋಗಿರುವುದನ್ನು ಮದುವೆಯ ಊಟದ ಪಂಕ್ತಿಯಲ್ಲಿ ಕಂಡರೂ ಊರವರು ಅವಳ ಕಸಬನ್ನು ಗುರುತಿಸಿಯಾರು.

ಗೇರಿನ ವ್ಯಾಪಾರದ ಗುಟ್ಟೆಲ್ಲ ಇಡೀ ಬೀಜದಲ್ಲಿದೆ. ಮುರಿಯದ ಬಿಳಿಯ ತಿರುಳಿಗೆ ಸಂಖ್ಯೆಯ ದರ್ಜೆಗಳುಂಟು. ಡಬ್ಲ್ಯು 180 ಎಂದರೆ ಒಂದು ಪೌಂಡಿಗೆ ಸುಮಾರು 180 ಬೀಜ ಹಿಡಿಯುವಷ್ಟು ದಪ್ಪದ್ದು. ಡಬ್ಲ್ಯು 320 ಎಂದರೆ ಸುಮಾರು 320 ಹಿಡಿಯತಕ್ಕದ್ದು. ಎರಡು ಹೋಳಾದರೆ ಬೆಲೆ ಇಳಿಯುತ್ತದೆ, ಚೂರಾದರೆ ಇನ್ನೂ ಇಳಿಯುತ್ತದೆ. ಅಂದರೆ ಮಾಲಿಕನ ಲಾಭವು ಆ ಹೆಂಗಸಿನ ಹೆಬ್ಬೆರಳಿನ ಹದದ ಮೇಲೆ ನಿಂತಿದೆ. ಒತ್ತಡವು ಕೂದಲೆಳೆಯಷ್ಟು ಹೆಚ್ಚಾದರೆ ತಿರುಳು ಹೋಳು; ಕಡಿಮೆಯಾದರೆ ಸಿಪ್ಪೆ ಬಿಡದು. ಈ ಹದವು ವಾರದಲ್ಲಿ ಕೈಗೆ ಬರುವುದಲ್ಲ. ಇಷ್ಟಾದರೂ ಅದು ಕೌಶಲವೆನಿಸಿಕೊಳ್ಳುವುದಿಲ್ಲ. ಹೆಂಗಸರಿಗೆ ಹುಟ್ಟಿನಿಂದಲೇ ಬೆರಳು ನಯವಾಗಿರುತ್ತದೆಂಬ ಹೊಗಳಿಕೆಯೊಂದು ಸಿಗುತ್ತದೆ. ಹುಟ್ಟಿನಿಂದ ಬಂದದ್ದಕ್ಕೆ ಬೆಲೆ ಕೊಡಬೇಕಾದದ್ದಿಲ್ಲವಷ್ಟೆ! ಹೊಗಳಿಕೆಯಿಂದಲೇ ಕೂಲಿಯನ್ನು ಕಡಿಮೆ ಮಾಡುವ ಈ ಉಪಾಯಕ್ಕಿಂತ ಜಾಣತನದ್ದು ಇನ್ನೊಂದಿಲ್ಲ.

ಅವಳನ್ನು ಯಾರೊಡನೆ ಹೋಲಿಸಬೇಕು? ಸುಲಿಯುವ ಸಾಲಿನಲ್ಲಿ ಗಂಡಸಿಲ್ಲ. ಎಲ್ಲರೂ ಹೆಂಗಸರೇ, ಎಲ್ಲರಿಗೂ ಕಿಲೋವೊಂದಕ್ಕೆ ಒಂದೇ ದರ. ಆದಕಾರಣ ಸಮಾನತೆಗೆ ಅಲ್ಲಿ ಏನೂ ಕೊರತೆಯಿಲ್ಲ, ಕಾಯಿದೆಯೂ ಭಂಗವಾಗಿಲ್ಲ. ಬಾಯ್ಲರಿನ ಬಳಿಯ ಗಂಡಸಿನ ಕೆಲಸಕ್ಕೂ ಅವಳ ಕೆಲಸಕ್ಕೂ ಮೌಲ್ಯದಲ್ಲಿ ಯಾವುದು ಹೆಚ್ಚು ಎಂದು ಕೇಳುವ ಅಧಿಕಾರವನ್ನು ಆ ಬಿಟ್ಟುಹೋದ ಶಬ್ದವು ತನ್ನೊಡನೆ ಕೊಂಡೊಯ್ದಿತು.

ಇದು ಇಲ್ಲಿಯದು ಮಾತ್ರವಲ್ಲ. ಇಂಗ್ಲೆಂಡಿನ ಡಾಗೆನ್‌ಹ್ಯಾಮಿನಲ್ಲಿ ಫೋರ್ಡ್ ಮೋಟಾರು ಕಾರ್ಖಾನೆಯ 187 ಹೆಂಗಸರು, ಕಾರಿನ ಪೀಠಗಳಿಗೆ ಹೊದಿಕೆ ಹೊಲಿಯತಕ್ಕವರು, ತಮ್ಮನ್ನು ಕೌಶಲವಿಲ್ಲದ ದರ್ಜೆಗೆ ಹಾಕಿದ್ದನ್ನು ಪ್ರತಿಭಟಿಸಿ 1968ರ ಜೂನಿನಲ್ಲಿ ಹೊಲಿಗೆ ನಿಲ್ಲಿಸಿದರು. ಪೀಠವಿಲ್ಲದೆ ಕಾರು ಹೊರಬೀಳದು, ಕಾರ್ಖಾನೆಯೇ ನಿಂತಿತು. ಆ ಮುಷ್ಕರವೇ 1970ರ ಬ್ರಿಟಿಷ್ ಸಮಾನ ವೇತನ ಕಾಯಿದೆಗೆ ದಾರಿಮಾಡಿತು. ಆದರೆ ಅವರು ಕೇಳಿದ್ದು ಹೆಚ್ಚು ಹಣವನ್ನಷ್ಟೇ ಅಲ್ಲ, ಕುಶಲಿಗಳೆಂಬ ಮನ್ನಣೆಯನ್ನು. ಅದು ದೊರೆತದ್ದು 1984ರಲ್ಲಿ, ಇನ್ನೊಂದು ಮುಷ್ಕರದ ಬಳಿಕ. ಹಣವನ್ನು ಕೊಡುವುದಕ್ಕಿಂತ ಕುಶಲಿಯೆಂದು ಒಪ್ಪುವುದು ಮಾಲಿಕರಿಗೆ ಕಷ್ಟವಾಯಿತೆಂಬುದು ಗಮನಾರ್ಹ.

ಕಾರ್ಖಾನೆಯ ಬಾಗಿಲಿಗೆ ಬರುವ ದಾರಿಯ ಬಗ್ಗೆಯೂ ಒಂದು ಮಾತು. ಕರ್ನಾಟಕ ಸರಕಾರವು 2023ರ ಜೂನ್ 11ರಂದು ಶಕ್ತಿ ಯೋಜನೆಯನ್ನು ಆರಂಭಿಸಿ ಸರಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣವನ್ನು ಕಲ್ಪಿಸಿತು. ಘಟ್ಟದ ಮೇಲಿನ ಕೂಲಿಯ ಹೆಂಗಸಿಗೆ ಇದು ಕೂಲಿ ಹೆಚ್ಚಿದಂತೆಯೇ ಸರಿ. ಘಟ್ಟದ ಕೆಳಗೆ ಹೇಳಬೇಕೆ? ಇಲ್ಲಿ ಊರೂರಿಗೆ ಓಡಾಡುವವು ಹೆಚ್ಚಾಗಿ ಖಾಸಗಿ ಬಸ್ಸುಗಳು. ಒಳನಾಡಿನ ಹಳ್ಳಿಯಿಂದ ಕೆಲಸಕ್ಕೆ ಹೋಗುವವಳು ಕಂಡಕ್ಟರನಿಗೆ ಹಿಂದಿನಂತೆಯೇ ಚಿಲ್ಲರೆ ಎಣಿಸುತ್ತಾಳೆ. ಯೋಜನೆಯಲ್ಲಿ ದುರುದ್ದೇಶವೇನೂ ಇಲ್ಲ. ರಾಜಧಾನಿಯಲ್ಲಿ ಕುಳಿತು ನಕ್ಷೆ ಬರೆದವರಿಗೆ ಈ ಕರಾವಳಿಯ ಬಸ್ಸಿನ ಬಣ್ಣ ನೆನಪಿಗೆ ಬರಲಿಲ್ಲ.

ಕಾಯಿದೆಯು ಗೆದ್ದ ಪ್ರಸಂಗವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಬೀಡಿ ಕಟ್ಟುವವಳು ಕಾರ್ಖಾನೆಗೆ ಬರುವುದೇ ಇಲ್ಲ. ಎಲೆ, ಹೊಗೆಸೊಪ್ಪು, ನೂಲುಗಳನ್ನು ಮನೆಗೆ ತಂದು, ಒಲೆಯ ಮೇಲೆ ಅನ್ನ ಬೇಯುತ್ತಿರುವಾಗ ಜಗಲಿಯಲ್ಲಿ ಕುಳಿತು ಕಟ್ಟಿ, ಸಾವಿರಕ್ಕೆ ಇಷ್ಟೆಂಬ ದರದಲ್ಲಿ ಒಪ್ಪಿಸುತ್ತಾಳೆ. ಇವಳು ನೌಕರಳೇ ಅಲ್ಲ, ಬಿಡುವಿನ ವೇಳೆಯಲ್ಲಿ ಕೈಖರ್ಚಿಗೆ ಕಟ್ಟುವ ಗೃಹಿಣಿ ಎಂದು ಬಹುಕಾಲ ವಾದಿಸಲಾಗುತ್ತಿತ್ತು. 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆಯು ಮನೆಯಲ್ಲಿ ಕಟ್ಟುವವಳೂ ಕೆಲಸಗಾರ್ತಿಯೇ ಎಂದಿತು. ಬೀಡಿಯ ಧಣಿಗಳು ಸುಪ್ರೀಮ್ ಕೋರ್ಟಿನವರೆಗೆ ಹೋದರು. 1974ರಲ್ಲಿ ನ್ಯಾಯಾಲಯವು ಆ ಕಾಯಿದೆಯನ್ನು ಎತ್ತಿಹಿಡಿಯಿತು. ಭವಿಷ್ಯನಿಧಿ, ಮಕ್ಕಳ ವಿದ್ಯಾರ್ಥಿವೇತನ ಎಂಬ ಶಬ್ದಗಳು ಜಗಲಿಗೆ ಬಂದುವು. ಈ ಕಾಯಿದೆಯು ಯಾರೊಡನೆ ಹೋಲಿಸಬೇಕೆಂದು ಕೇಳಲಿಲ್ಲ. ಯಾರ ಕೆಲಸವನ್ನು ಮಾಡುತ್ತಿದ್ದೀಯೆ ಎಂದು ಕೇಳಿತು. ಪ್ರಶ್ನೆ ಬದಲಾದರೆ ಉತ್ತರವೂ ಬದಲಾಗುತ್ತದೆ.

ಇದುವರೆಗೆ ಒಂದು ಕಡಿತದ ಮಾತಾಯಿತು. ಎರಡು ಕಡಿತಗಳು ಕೂಡಿದಾಗ ಏನಾಗುತ್ತದೆಂಬುದನ್ನು ಅಮೇರಿಕದ ಒಂದು ವ್ಯಾಜ್ಯವು ಸ್ಪಷ್ಟಪಡಿಸಿತು. ಅಲ್ಲಿಯ 1964ರ ನಾಗರಿಕ ಹಕ್ಕುಗಳ ಕಾಯಿದೆಯು ಜನಾಂಗದ ಕಾರಣಕ್ಕಾಗಲಿ ಲಿಂಗದ ಕಾರಣಕ್ಕಾಗಲಿ ನೌಕರಿಯಲ್ಲಿ ಭೇದವೆಣಿಸಬಾರದೆಂದು ವಿಧಿಸಿತ್ತು. ಸೇಂಟ್ ಲೂಯಿಸ್ ನಗರದಲ್ಲಿ ಜನರಲ್ ಮೋಟಾರ್ಸಿನ ಕಾರ್ಖಾನೆಯು ಆ ಮುನ್ನ ಕಪ್ಪುವರ್ಣದ ಹೆಂಗಸರನ್ನು ಹೆಚ್ಚುಕಡಿಮೆ ಸೇರಿಸಿಕೊಂಡೇ ಇರಲಿಲ್ಲ. ವ್ಯಾಪಾರ ಕುಗ್ಗಿದಾಗ, ಕೊನೆಗೆ ಬಂದವರು ಮೊದಲು ಹೋಗತಕ್ಕದ್ದೆಂಬ ನಿಯಮದಿಂದ, ತಡವಾಗಿ ಸೇರಿದ್ದ ಅವರೇ ಹೊರಬಿದ್ದರು. ಎಮ್ಮಾ ಡಿಗ್ರಾಫೆನ್‌ರೀಡ್ ಮತ್ತಿತರ ನಾಲ್ವರು ನ್ಯಾಯಾಲಯಕ್ಕೆ ಹೋದರು. 1976ರಲ್ಲಿ ಬಂದ ತೀರ್ಪಿನ ತಾತ್ಪರ್ಯವಿಷ್ಟು: ಕಾರ್ಖಾನೆಯಲ್ಲಿ ಹೆಂಗಸರಿದ್ದರು, ಆದುದರಿಂದ ಲಿಂಗಭೇದವಿಲ್ಲ, ಜನಾಂಗಭೇದದ ದೂರಾದರೆ ಕಪ್ಪುವರ್ಣದವರ ಬೇರೊಂದು ವ್ಯಾಜ್ಯದೊಡನೆ ಸೇರಿಕೊಳ್ಳಿ, ಎರಡನ್ನೂ ಕೂಡಿಸಿ ಹೊಸದೊಂದು ವರ್ಗವನ್ನು ಸೃಷ್ಟಿಸಲಾಗದು. ಕಾರ್ಖಾನೆಯಲ್ಲಿದ್ದ ಹೆಂಗಸರು ಕಚೇರಿಯ ಬಿಳಿಯ ಹೆಂಗಸರು. ಅಲ್ಲಿದ್ದ ಕಪ್ಪುವರ್ಣದವರು ಯಂತ್ರದ ಬಳಿಯ ಗಂಡಸರು. ಎರಡೂ ಆಗಿದ್ದವಳಿಗೆ ಎರಡು ಬಾಗಿಲುಗಳೂ ಮುಚ್ಚಿದುವು. 1989ರಲ್ಲಿ ಕಿಂಬರ್ಲೆ ಕ್ರೆನ್‌ಶಾ ಎಂಬ ನ್ಯಾಯಶಾಸ್ತ್ರಜ್ಞೆಯು ಈ ತೀರ್ಪನ್ನು ವಿಮರ್ಶಿಸಿ, ನಾಲ್ಕು ದಾರಿ ಕೂಡುವಲ್ಲಿ ನಿಂತವಳಿಗೆ ಯಾವ ಕಡೆಯ ಬಂಡಿ ಬಡಿಯಿತೆಂದು ಒಂದನ್ನೇ ಹೆಸರಿಸಲು ಹೇಳುವುದು ನ್ಯಾಯವಲ್ಲವೆಂಬುದನ್ನು ತೋರಿಸಿದಳು.

ಭಾರತದ ನಾಲ್ಕು ದಾರಿ ಕೂಡುವ ಸ್ಥಳವು ರಾಜಸ್ಥಾನದ ಭಟೇರಿ ಗ್ರಾಮ. ಸರಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಸೇವಕಿಯಾಗಿದ್ದ, ಕುಂಬಾರ ಜಾತಿಯ ಭಂವರಿ ದೇವಿಯು ಬಾಲ್ಯವಿವಾಹವೊಂದನ್ನು ತಡೆಯಲು ಯತ್ನಿಸಿದ್ದಕ್ಕಾಗಿ 1992ರಲ್ಲಿ ಮೇಲಿನ ಜಾತಿಯವರೆನಿಸಿಕೊಂಡವರ ಅತ್ಯಾಚಾರಕ್ಕೆ ಗುರಿಯಾದಳೆಂದು ದೂರಿತ್ತಳು. 1995ರಲ್ಲಿ ಆಪಾದಿತರು ಆ ಆರೋಪದಿಂದ ಬಿಡುಗಡೆ ಹೊಂದಿದರು. ಆ ಪ್ರಕರಣದ ಬೆನ್ನಿಗೆ ಬಂದ 1997ರ ವಿಶಾಖಾ ತೀರ್ಪು ಹಾಗೂ 2013ರ ಕಾಯಿದೆಗಳು ದೇಶದ ಕಚೇರಿಗಳಲ್ಲೆಲ್ಲ ಹೆಂಗಸರಿಗೆ ರಕ್ಷಣೆಯನ್ನಿತ್ತುವು. ಆದರೆ ಅವಳಿಗೆ ಆಪತ್ತನ್ನು ತಂದ ಜಾತಿಯ ಮಾತು ಆ ಮಾರ್ಗದರ್ಶಿಗಳಲ್ಲಿ ಕಾಣಿಸಿಕೊಳ್ಳಲಿಲ್ಲ. ಲಿಂಗ, ಜಾತಿ, ಅಂಗವೈಕಲ್ಯಗಳು ಹೆಣೆದುಕೊಂಡು ಬಾಧಿಸುವುದನ್ನು ಸುಪ್ರೀಮ್ ಕೋರ್ಟು ವಿಸ್ತಾರವಾಗಿ ಚರ್ಚಿಸಿದ್ದು 2021ರ ಏಪ್ರಿಲಿನಲ್ಲಿ, ಅಂಧಳಾದ ದಲಿತ ಯುವತಿಯೊಬ್ಬಳ ಪ್ರಕರಣದಲ್ಲಿ.

ಇಷ್ಟು ದೂರದ ಪ್ರವಾಸವನ್ನು ಮಾಡಿದ್ದು ಕುಂದಾಪುರಕ್ಕೆ ಹಿಂದಿರುಗುವುದಕ್ಕಾಗಿಯೇ. ಇಲ್ಲಿಯ ಕೊರಗರ ವಿಷಯವನ್ನು ಎತ್ತದೆ ಈ ಸೀಮೆಯ ದುಡಿಮೆಯ ಮಾತು ಪೂರ್ತಿಯಾಗದು. ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಗುರುತಿಸಲ್ಪಟ್ಟವು ಎರಡೇ, ಜೇನುಕುರುಬರು ಮತ್ತು ಕೊರಗರು. 2011ರ ಜನಗಣತಿಯಲ್ಲಿ ರಾಜ್ಯದ ಕೊರಗರ ಸಂಖ್ಯೆಯು 15,000ವನ್ನೂ ಮುಟ್ಟಲಿಲ್ಲ. ಅವರಿಗೆ ತಮ್ಮದೇ ಆದ ದ್ರಾವಿಡ ಭಾಷೆಯುಂಟು; ಡಿ. ಎನ್. ಶಂಕರ ಭಟ್ಟರು 1971ರಲ್ಲಿ ಅದರ ಮೇಲೆ ಗ್ರಂಥವನ್ನು ಪ್ರಕಟಿಸಿದರು. ಕಾಡುಬಳ್ಳಿ ಬಿದಿರುಗಳಿಂದ ಬುಟ್ಟಿ, ಹೆಡಿಗೆ, ಸಿಬ್ಬಲುಗಳನ್ನು ಹೆಣೆಯುವುದು ಅವರ ಕೈಕಸಬು. ಊರಿನ ಕಂಬಳ, ಉತ್ಸವಗಳಲ್ಲಿ ಡೋಲು ಬಡಿಯುವುದು ಊರು ಅವರ ಮೇಲೆ ಹೇರಿದ ಕೆಲಸ. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತವರ್ಗಗಳ ಮಿಷನ್ನನ್ನು ಸ್ಥಾಪಿಸಿ ಓದಿನೊಡನೆ ಕಸಬನ್ನೂ ಕಲಿಸತೊಡಗಿದರು. 1934ರ ಫೆಬ್ರವರಿಯಲ್ಲಿ ಗಾಂಧೀಜಿಯವರು ಹರಿಜನ ಯಾತ್ರೆಯಲ್ಲಿ ಕುಂದಾಪುರಕ್ಕೂ ಬಂದರು. ಆದರೂ ಅಜಲು ನಿಲ್ಲಲಿಲ್ಲ.

ಅಜಲು ಎಂದರೇನು? ಮೇಲಿನ ಮನೆಯ ಗರ್ಭಿಣಿಗೋ ರೋಗಿಗೋ ಅಂಟಿದ ಪೀಡೆಯು ಕಳೆಯಲೆಂದು ಅನ್ನದಲ್ಲಿ ಕೂದಲು, ಉಗುರುಗಳನ್ನು ಬೆರೆಸಿ ಕೊರಗರಿಗೆ ತಿನ್ನಿಸುತ್ತಿದ್ದರು. ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮೊದಲು ಅವರನ್ನು ಓಡಿಸುತ್ತಿದ್ದರು. ಇನ್ನೊಂದು ಆಚಾರವು ಹಳೆಯ ಗ್ರಂಥಗಳಲ್ಲಿ ನಮೂದಾಗಿದೆ. ಹುಟ್ಟಿದ ಮಕ್ಕಳು ಬದುಕದ ಮನೆಯಲ್ಲಿ ಕೂಸಾದರೆ ಕೊರಗ ಹೆಂಗಸನ್ನು ಕರೆಸಿ, ಅವಳಿಂದ ಹಾಲೂಡಿಸಿ, ಕೂಸಿಗೆ ಅವಳ ಜನದ ಹೆಸರನ್ನಿಟ್ಟು ಹಿಂದಕ್ಕೆ ಪಡೆಯುತ್ತಿದ್ದರು. ಕರಾವಳಿಯ ಇತರ ಜಾತಿಗಳಲ್ಲಿ ಕೊರಗಪ್ಪನೆಂಬ ಹೆಸರು ಅಪರೂಪವಲ್ಲದಿರುವುದಕ್ಕೆ ಇಂತಹ ಹರಕೆಯೂ ಕಾರಣ. ಮೃತ್ಯುವಿಗೂ ಬೇಡವಾದ ಜನವೆಂಬ ಭಾವನೆಯೇ ಆ ಹಾಲಿಗೆ ಬೆಲೆಯನ್ನು ತಂದದ್ದು. ಹಾಲು ಕುಡಿದ ಮಗು ಬೆಳೆದು ಅದೇ ಹೆಂಗಸನ್ನು ಅಂಗಳದ ಹೊರಗೆ ನಿಲ್ಲಿಸುವುದು.

ಕರ್ನಾಟಕ ವಿಧಾನಮಂಡಲವು 2000ದ ಅಜಲು ನಿಷೇಧ ಕಾಯಿದೆಯಿಂದ ಇದನ್ನು ದಂಡನಾರ್ಹ ಅಪರಾಧವನ್ನಾಗಿ ಮಾಡಿತು. ಕಾಯಿದೆಯನ್ನು ಬಲ್ಲವರೂ ಕೂದಲು ಉಗುರುಗಳ ಕಲಮನ್ನು ಮಾತ್ರ ಹೇಳುತ್ತಾರೆ. ಕಂಬಳದ ಓಟವನ್ನು ಹೇಳುತ್ತಾರೆ. ಆದರೆ ಅಜಲು ಎಂಬ ಶಬ್ದಕ್ಕೆ ಆ ಕಾಯಿದೆಯು ಕೊಟ್ಟಿರುವ ಅರ್ಥವಿವರಣೆಯಲ್ಲಿ ಮೊಟ್ಟಮೊದಲು ಬರುವುದು ಇವೆರಡೂ ಅಲ್ಲ. ಕೊರಗರ ಸೇವೆಯನ್ನು ಪಡೆದು, ಕೂಲಿಯನ್ನು ಕೊಡದೆ ಅಥವಾ ಕಡಿಮೆ ಕೂಲಿಯನ್ನು ಕೊಟ್ಟು, ಇತರರಿಗೂ ಅವರಿಗೂ ಭೇದವೆಣಿಸುವುದು: ಇದು ಮೊದಲನೆಯದು. ಕೂದಲು ಬೆರೆಸಿದ ಅನ್ನ ಎರಡನೆಯದು. ಇತರರಿಗಿಂತ ಕೀಳಾದ ಮನುಷ್ಯರೆಂದು ನಡೆಸಿಕೊಳ್ಳುವುದು ಮೂರನೆಯದು. ಓಡಿಸುವುದು ಕೊನೆಯದು.

ಈ ಅನುಕ್ರಮವನ್ನು ಬರೆದವರು ಅರಿತೇ ಬರೆದರೋ, ಲೇಖನಿಯ ಓಟದಲ್ಲಿ ಬಂದಿತೋ, ಹೇಗಾದರೂ ಆಗಲಿ. ಅದು ಉಳಿದೆಲ್ಲ ವೇತನದ ಕಾಯಿದೆಗಳಿಗಿಂತ ಒಂದು ಹೆಜ್ಜೆ ಮುಂದಿದೆ. ಸಮಾನ ವೇತನದ ಕಾಯಿದೆಗೆ ಕಡಿಮೆ ಕೂಲಿಯೆಂಬುದು ಲೆಕ್ಕದ ತಪ್ಪು, ತಿದ್ದಿದರೆ ಸರಿಹೋಗುತ್ತದೆ. ಅಜಲಿನ ಕಾಯಿದೆಗೆ ಕಡಿಮೆ ಕೂಲಿಯು ಅವಮಾನ. ಹೊಲಸು ಬೆರೆಸಿದ ಅನ್ನದ ಪಕ್ಕದಲ್ಲಿ, ಅದೇ ಎಲೆಯ ಮೇಲೆ ಅದು ಅದನ್ನಿಟ್ಟಿದೆ. ಅಂಗಳದಲ್ಲಿ ಹೆಣ್ಣಾಳಿಗೆ ಕಿರಿಯ ಅಳತೆಯಿಂದ ಅಳೆಯುತ್ತಿದ್ದ ಕೈಯಲ್ಲಿ ಇದ್ದದ್ದು ಲೆಕ್ಕವಲ್ಲ, ತಿರಸ್ಕಾರವೆಂಬುದನ್ನು ಶಾಸನದ ಭಾಷೆಯಲ್ಲಿ ಇಷ್ಟು ನೇರವಾಗಿ ಹೇಳಿದ್ದು ವಿರಳ. ಇದು ಕೊರಗರ ಕಾಯಿದೆಯಾಗಿ ಮಾತ್ರ ಉಳಿಯಿತು. ಗೇರಿನ ಕಾರ್ಖಾನೆಯ ಸಾಲಿಗೆ, ಪಟ್ಟಣದ ಬೀದಿ ಗುಡಿಸುವ ಸಾಲಿಗೆ ಆ ಮೊದಲನೆಯ ಕಲಮು ಅನ್ವಯಿಸದು.

ಕೆಲಸಕ್ಕೆ ಕೊಡುವ ಹೆಸರುಗಳಲ್ಲಿ ಅಡಗಿರುವ ಬೆಲೆಯನ್ನು ಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ಕಲ್ಯಾಣದ ಶರಣೆಯರ ಹೆಸರುಗಳು ಹೇಗೆ ಉಳಿದುಬಂದಿವೆ ನೋಡಿ: ಕದಿರೆ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ, ಆಯ್ದಕ್ಕಿ ಲಕ್ಕಮ್ಮ. ನೂಲುವ ಕದಿರು, ಭತ್ತ ಕುಟ್ಟುವ ಕೊಟ್ಟಣ, ಚೆಲ್ಲಿದ ಅಕ್ಕಿಯನ್ನು ಆಯುವ ಕೈ. ಇಂಥವನ ಹೆಂಡತಿಯೆಂದಲ್ಲ, ಇಂಥ ಕಾಯಕದವಳೆಂದು. ಶಾಲೆಯ ಮಕ್ಕಳಿಗೆ ಬಿಸಿಯೂಟವನ್ನಿಡುವ ಯೋಜನೆಯನ್ನು 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭಿಸಿ ಅನಂತರ ರಾಜ್ಯಕ್ಕೆಲ್ಲ ವಿಸ್ತರಿಸಿದ ಕರ್ನಾಟಕ ಸರಕಾರವು ಶರಣರಿಂದಲೇ ಶಬ್ದವನ್ನು ಎರವು ಪಡೆದು ಅಕ್ಷರ ದಾಸೋಹವೆಂದು ಅದಕ್ಕೆ ಹೆಸರಿಟ್ಟಿತು. ಅಡುಗೆಯವರ ನೇಮಕದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆಯಿರಬೇಕೆಂದು ಸುಪ್ರೀಮ್ ಕೋರ್ಟು 2004ರ ಏಪ್ರಿಲಿನಲ್ಲಿ ಆಜ್ಞಾಪಿಸಿತು. ಒಂದೇ ಆಜ್ಞೆಯು ಬಡಹೆಂಗಸಿಗೆ ಕೆಲಸವನ್ನೂ ಪಂಕ್ತಿಭೇದಕ್ಕೆ ಪೆಟ್ಟನ್ನೂ ಕೊಡಲು ಹೊರಟಿತು. ಆದರೆ ಬೆಳಗಿನಿಂದ ಹೊಗೆಯಲ್ಲಿ ನಿಂತು ನೂರು ಮಕ್ಕಳಿಗೆ ಬೇಯಿಸುವವಳಿಗೆ ದೊರೆಯುವುದು ವೇತನವಲ್ಲ, ಗೌರವಧನ. ವೇತನವೆಂದರೆ ಕನಿಷ್ಠ ವೇತನದ ಪ್ರಶ್ನೆ ಬರುತ್ತದೆ, ಗೌರವಕ್ಕೆ ಕನಿಷ್ಠವೆಂಬುದಿಲ್ಲ. ದಾಸೋಹದ ಶಬ್ದವನ್ನು ಎರವು ಪಡೆದವರು ಕಾಯಕದ ಶಬ್ದವನ್ನು ಅಲ್ಲಿಯೇ ಬಿಟ್ಟುಬಂದರು.

ಬುಟ್ಟಿಯ ಮಾತೊಂದು ಉಳಿದಿದೆ. ಕಾಡುಬಳ್ಳಿಯನ್ನು ತಂದು, ಸೀಳಿ, ಹದಮಾಡಿ ಹೆಣೆಯುವ ಕೆಲಸದಲ್ಲಿ ಕೊರಗ ಹೆಂಗಸರ ಪಾಲು ದೊಡ್ಡದು. ಬೈಂದೂರಿನ ಘಟ್ಟದ ಬುಡದ ಕಾಡುಗಳಲ್ಲಿ ಒಂದು ಭಾಗವು 1974ರಿಂದ ಮೂಕಾಂಬಿಕಾ ವನ್ಯಧಾಮ. ಬಳ್ಳಿ ಕೊಯ್ಯಲು ಹೋದವರು ಅಪರಾಧಿಗಳಂತೆ ಅಡಗಬೇಕಾಯಿತು. 2006ರ ಅರಣ್ಯ ಹಕ್ಕು ಕಾಯಿದೆಯು ಬಿದಿರು ಬೆತ್ತಗಳ ಸಹಿತ ಕಿರು ಅರಣ್ಯೋತ್ಪನ್ನಗಳ ಮೇಲೆ ಬುಡಕಟ್ಟಿನವರ ಹಕ್ಕನ್ನು ಒಪ್ಪಿಕೊಂಡಿದೆ. 1974ರ ಭೂಸುಧಾರಣೆಯಿಂದ ಕರಾವಳಿಯ ಗೇಣಿದಾರರು ಅಸಂಖ್ಯರು ಭೂಮಿಯ ಒಡೆಯರಾದರು. ಗೇಣಿಯನ್ನೂ ಕಾಣದ ಕೊರಗರಿಗೆ ಅದರಿಂದ ಬಂದದ್ದು ಅತ್ಯಲ್ಪ. ಕುಟುಂಬಕ್ಕೆ ಎರಡೂವರೆ ಎಕರೆಯಂತೆ ಭೂಮಿ ಕೊಡಬೇಕೆಂದು ಡಾ. ಮಹಮ್ಮದ್ ಪೀರರ ವರದಿಯು ಸರಕಾರಕ್ಕೆ ಶಿಫಾರಸು ಮಾಡಿತು. 2023ರ ನವೆಂಬರಿನಲ್ಲಿ ಕೇಂದ್ರ ಸರಕಾರವು ದುರ್ಬಲ ಬುಡಕಟ್ಟುಗಳಿಗಾಗಿ ಜನಮನ್ ಎಂಬ ಯೋಜನೆಯನ್ನು ಆರಂಭಿಸಿದೆ. ಅದರಲ್ಲಿ ಮನೆಯುಂಟು, ರಸ್ತೆಯುಂಟು, ಕುಡಿಯುವ ನೀರುಂಟು.

ಹೆಡಿಗೆಯ ಸ್ಥಾನವನ್ನು ಪ್ಲಾಸ್ಟಿಕ್ಕಿನ ತೊಟ್ಟಿಯು ಆಕ್ರಮಿಸಿದ ಮೇಲೂ ಗಂಜಿ ಬಸಿಯುವುದಕ್ಕೆ ಸಿಬ್ಬಲನ್ನು ಕೇಳುವ ಮನೆಗಳು ಇನ್ನೂ ಇವೆ. ಹೆಣೆದವಳು ಅದನ್ನು ಸಂತೆಗೆ ತಂದು ನೆಲದ ಮೇಲೆ ಹರಡಿ ಕುಳಿತುಕೊಳ್ಳುತ್ತಾಳೆ. ಅವಳಿಗೆ ಮಾಲಿಕನಿಲ್ಲ, ಹಾಜರಿಪುಸ್ತಕವಿಲ್ಲ, ಹೋಲಿಸತಕ್ಕ ಗಂಡಸಿಲ್ಲ. ಬಳ್ಳಿಗಾಗಿ ನಡೆದ ದಾರಿಯನ್ನೂ ಸೀಳುವಾಗ ಕೊಯ್ದ ಬೆರಳನ್ನೂ ಲೆಕ್ಕಕ್ಕೆ ಹಿಡಿಯುವ ಸಂಹಿತೆಯಿಲ್ಲ. ಅಂಗಡಿಯಲ್ಲಿ ತೊಟ್ಟಿಯ ಮೇಲೆ ಅಚ್ಚೊತ್ತಿದ ಬೆಲೆಯನ್ನು ಮಾತಾಡದೆ ಎಣಿಸಿ ಕೊಟ್ಟುಬಂದ ಗಿರಾಕಿಯು ಅವಳ ಮುಂದೆ ನಿಂತು, ಸಿಬ್ಬಲನ್ನು ಬೆಳಕಿಗೆ ಹಿಡಿದು ನೋಡಿ, ಅವಳು ಹೇಳಿದ್ದರಲ್ಲಿ ಅರ್ಧಕ್ಕೆ ಕೇಳುತ್ತಾನೆ.